ಸ್ಪ್ರಿಂಗ್ ಸೆಮಿಸ್ಟರ್ ಅಂದರು, ಇಳಿದಾಗ ಹಿಮ ಬೀಳುತ್ತಿತ್ತು: ಪಿಟ್ಸ್‌ಬರ್ಗಿನಲ್ಲಿ ನಾಲ್ಕು ತಿಂಗಳು

ತುಂಗಾತೀರ:

ಎಕ್ಸ್‌ಚೇಂಜ್ ಪ್ರೋಗ್ರಾಂಗೆ ಹೋಗುವ ಬಗ್ಗೆ ಇಲ್ಲಿ ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಪ್ರತಿ ಸಲ ಎರಡೆರಡು ಸಾಲು ಉತ್ತರ ಹಾಕಿ ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದುಬಿಡುತ್ತೇನೆ. ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ನಾನು ಶಿವಮೊಗ್ಗದವಳು. ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ, 2024ರ ಜನವರಿಯಿಂದ ಮೇ ತನಕ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗಿನಲ್ಲಿ ಒಂದು ಸೆಮಿಸ್ಟರ್ ಓದಿದೆ. ಕಾಗದದಲ್ಲಿ ಅದಕ್ಕೆ 'ಸ್ಪ್ರಿಂಗ್ ಸೆಮಿಸ್ಟರ್' ಅಂತ ಹೆಸರು. ವಸಂತ ಅಂದರೆ ಮಾವಿನ ಚಿಗುರು ಅಂದುಕೊಂಡ ಅಮ್ಮ ಎರಡು ಕಾಟನ್ ಚೂಡಿದಾರ್ ಜಾಸ್ತಿ ತುಂಬಿದ್ದರು. ಏರ್‌ಪೋರ್ಟಿನಿಂದ ಹೊರಗೆ ಕಾಲಿಟ್ಟಾಗ ಹಿಮ ಬೀಳುತ್ತಿತ್ತು. ಆ ಚೂಡಿದಾರ್ ಏಪ್ರಿಲ್ ಮಧ್ಯದವರೆಗೂ ಸೂಟ್‌ಕೇಸಿನ ತಳದಲ್ಲೇ ಇದ್ದವು.

ಅಲ್ಲಿ ವಸಂತ ಯಾವಾಗ ಅಂತ ಹೇಳುವುದು ಒಂದು ಪ್ರಾಣಿ. ಫೆಬ್ರವರಿ 2ರಂದು, ಪಿಟ್ಸ್‌ಬರ್ಗಿನಿಂದ ಸುಮಾರು 80 ಮೈಲಿ ದೂರದ ಪಂಕ್ಸಟಾನಿ ಅನ್ನುವ ಸಣ್ಣ ಊರಿನಲ್ಲಿ, ಉದ್ದ ಟೋಪಿ ಹಾಕಿಕೊಂಡ ಗಂಡಸರು ಒಂದು ಗ್ರೌಂಡ್‌ಹಾಗನ್ನು ಹೊರಗೆ ಎತ್ತುತ್ತಾರೆ. ನಮ್ಮ ಹೆಗ್ಗಣದ ದೊಡ್ಡಣ್ಣ ಅಂದುಕೊಳ್ಳಿ. ಅದಕ್ಕೆ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ, ಕಾಣದಿದ್ದರೆ ಬೇಗ ವಸಂತ. 1887ರಿಂದ ನಡೆದುಕೊಂಡು ಬಂದಿದೆ. ಟೀವಿಯವರು ಗಂಭೀರವಾಗಿ ಸುದ್ದಿ ಓದುತ್ತಾರೆ. ನಮ್ಮ ಹಲ್ಲಿ ಶಕುನಕ್ಕೆ ನಗುವವರು ಇದನ್ನೊಮ್ಮೆ ನೋಡಬೇಕು. ಆ ವರ್ಷ ನೆರಳು ಕಾಣಲಿಲ್ಲ, 'ಬೇಗ ವಸಂತ' ಅಂತ ತೀರ್ಪಾಯ್ತು. ಹೆಗ್ಗಣ ಹೇಳಿದ್ದೇ ನಿಜ ಆಯ್ತು ಅಂತ ಮುಂದೆ ಹೇಳುತ್ತೇನೆ.

ಊರಿನ ವಿಷಯ. ಅಲೆಗೆನಿ, ಮನಾಂಗಹೀಲಾ ಅನ್ನುವ ಎರಡು ನದಿ ಸೇರಿ ಒಹಾಯೊ ನದಿ ಹುಟ್ಟುವುದು ಪಿಟ್ಸ್‌ಬರ್ಗಿನ ನಡುಮಧ್ಯದಲ್ಲೇ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರುವ ಹಾಗೆ. ಊರು ತುಂಬ ಗುಡ್ಡ, ಕಣಿವೆ. ಹಾಗಾಗಿ 446 ಸೇತುವೆ ಇವೆ ಅಂತ ಊರಿನವರು ಲೆಕ್ಕ ಒಪ್ಪಿಸುತ್ತಾರೆ. ಸಿವಿಲ್ ಓದುವವರಿಗೆ ಇದಕ್ಕಿಂತ ಏನು ಬೇಕು ಹೇಳಿ?

ಡೌನ್‌ಟೌನಿನಲ್ಲಿ ಒಂದರ ಪಕ್ಕ ಒಂದು ಮೂರು ಹಳದಿ ಸೇತುವೆಗಳಿವೆ. 'ಥ್ರೀ ಸಿಸ್ಟರ್ಸ್' ಅಂತಲೇ ಕರೆಯುತ್ತಾರೆ. 1924ರಿಂದ 1928ರ ನಡುವೆ ಕಟ್ಟಿದ್ದು. ಸಾಮಾನ್ಯವಾಗಿ ತೂಗುಸೇತುವೆಯ ಕೇಬಲನ್ನು ದಡದಲ್ಲಿ ದೊಡ್ಡ ಕಾಂಕ್ರೀಟ್ ಗಟ್ಟಿಗೆ ಬಿಗಿಯುತ್ತಾರೆ. ಇವುಗಳಲ್ಲಿ ಕೇಬಲಿನ ಬದಲು ಉಕ್ಕಿನ ಪಟ್ಟಿಗಳ ಸರಪಳಿ ಇದೆ, ಅದರ ತುದಿಯನ್ನು ಸೇತುವೆಯ ಅಟ್ಟಕ್ಕೇ ಬಿಗಿದಿದ್ದಾರೆ. ತನ್ನ ಜುಟ್ಟನ್ನು ತಾನೇ ಹಿಡಿದುಕೊಂಡು ನಿಂತ ಹಾಗೆ. ಪುಸ್ತಕದಲ್ಲಿ ಮೂರು ಸಲ ಓದಿದರೂ ತಲೆಗೆ ಹೋಗದೇ ಇದ್ದದ್ದು, ಅದರ ಮೇಲೆ ನಿಂತು ಬಸ್ಸು ಹೋದಾಗ ಕಾಲಡಿ ನಡುಗಿದ್ದನ್ನು ನೋಡಿ ಅರ್ಥ ಆಯ್ತು. ಮೂರಕ್ಕೂ ಇಟ್ಟಿರುವ ಹೆಸರು ಒಬ್ಬ ಬೇಸ್‌ಬಾಲ್ ಆಟಗಾರ, ಒಬ್ಬ ಚಿತ್ರಕಾರ, ಒಬ್ಬ ಪರಿಸರ ಲೇಖಕಿಯದು: ರಾಬರ್ಟೊ ಕ್ಲೆಮೆಂಟೆ, ಆಂಡಿ ವಾರ್ಹಾಲ್, ರೇಚಲ್ ಕಾರ್ಸನ್. ರಾಜಕಾರಣಿ ಒಬ್ಬರೂ ಇಲ್ಲ. ನನಗೆ ಇದು ಬಹಳ ಇಷ್ಟ ಆಯ್ತು.

ನಾವು ಹೋದ ಸಮಯವೂ ಹಾಗಿತ್ತು. ಅದೇ ಊರಿನಲ್ಲಿ 2022ರ ಜನವರಿ 28ರ ಬೆಳಗ್ಗೆ ಫರ್ನ್ ಹಾಲೋ ಅನ್ನುವ ಸೇತುವೆ ಕುಸಿದಿತ್ತು. ಮೇಲೆ ಒಂದು ಉದ್ದ ಸಿಟಿ ಬಸ್ಸು, ನಾಲ್ಕು ಕಾರು. ಹಲವರಿಗೆ ಗಾಯ, ಸಾವು ಆಗಲಿಲ್ಲ. ಅದರ ತನಿಖೆಯ ತೀರ್ಮಾನ ಹೊರಬಂದದ್ದು 2024ರ ಫೆಬ್ರವರಿಯಲ್ಲಿ, ಅಂದರೆ ನಾನು ಕ್ಲಾಸಿನಲ್ಲಿ ಕೂತಿದ್ದಾಗ. ಪ್ರೊಫೆಸರ್ ಪಾಠ ಪಕ್ಕಕ್ಕಿಟ್ಟು ಎರಡು ವಾರ ಅದನ್ನೇ ಮಾಡಿದರು. ಸೇತುವೆಯ ಉಕ್ಕು ತನ್ನ ಮೇಲೆ ತಾನೇ ತುಕ್ಕಿನ ಪದರ ಕಟ್ಟಿಕೊಂಡು ಒಳಗನ್ನು ಕಾಪಾಡಿಕೊಳ್ಳುವ ಜಾತಿಯದು. ಆದರೆ ಆ ಪದರ ಗಟ್ಟಿಯಾಗಬೇಕಾದರೆ ಮಧ್ಯೆ ಮಧ್ಯೆ ಒಣಗಬೇಕು. ಮೇಲಿನ ಚರಂಡಿ ಕಸ ಕಟ್ಟಿಕೊಂಡು ನೀರೆಲ್ಲ ಸೇತುವೆಯ ಕಾಲುಗಳ ಮೇಲೆ ಸೋರುತ್ತಿತ್ತು. ಕಾಲು ಒಣಗಲೇ ಇಲ್ಲ. ಕೊನೆಗೆ ಕೊಳೆತು ತೂತು ಬಿತ್ತು. ಪರಿಶೀಲನೆಗೆ ಬಂದವರು ವರ್ಷವರ್ಷವೂ ಬರೆದಿದ್ದರು, ನಗರಾಡಳಿತ ಸರಿಪಡಿಸಲಿಲ್ಲ ಅಂತ ವರದಿ ಹೇಳಿತು. ಚರಂಡಿ ಕಸ ತೆಗೆಯದೇ ಇದ್ದದ್ದಕ್ಕೆ ಒಂದು ಸೇತುವೆ ಬಿತ್ತು ಅಂದರೆ ನಂಬುತ್ತೀರಾ? ನಮ್ಮೂರಿನವಳಾದ ನಾನು ಕೂಡಲೇ ನಂಬಿದೆ.

ಹೊಸ ಸೇತುವೆ 2022ರ ಡಿಸೆಂಬರಿನಲ್ಲೇ ಶುರುವಾಗಿತ್ತು. ಕಾಲೇಜಿನ ಐಡಿ ಕಾರ್ಡ್ ತೋರಿಸಿದರೆ ಸಿಟಿ ಬಸ್ ಬಿಟ್ಟಿ. (ಮನೆಯಲ್ಲಿ ಶಕ್ತಿ ಯೋಜನೆ, ಇಲ್ಲೂ ಶಕ್ತಿ ಯೋಜನೆ ಅಂತ ಅಜ್ಜಿಗೆ ಹೇಳಿದ್ದೆ.) ಸುಮ್ನೆ ಆ ಬಸ್ಸು ಹತ್ತಿ ಸೇತುವೆ ದಾಟಿ, ಕೆಳಗಿನ ಫ್ರಿಕ್ ಪಾರ್ಕಿಗೆ ಇಳಿದು, ತಲೆ ಎತ್ತಿ ನೋಡುತ್ತಾ ನಿಲ್ಲುತ್ತಿದ್ದೆ.

ಉಳಿದದ್ದು ಕೇಳಿ, ಹೇಳುತ್ತೇನೆ.

ನೋಟ್ಸ್ ಕೊಡ್ರೋ:

ಅಕ್ಕಾ, ಬರುವ ಜನವರಿಗೆ ನಾನೂ ಹೋಗುತ್ತಿದ್ದೇನೆ. ಅದೇ ಊರು! ಸೇತುವೆ ಕಥೆ ಚೆನ್ನಾಗಿದೆ, ಆದರೆ ನಾನು ಕಂಪ್ಯೂಟರ್ ಸೈನ್ಸ್. ಓದು ಹೇಗೆ? ಅಟೆಂಡೆನ್ಸ್ ಶಾರ್ಟೇಜ್ ಇದೆಯಾ? ವಾಷಿಂಗ್ಟನ್ ಚೆರ್ರಿ ಹೂವು ನೋಡೋಕೆ ಮಾರ್ಚ್ ಕೊನೆಗೆ ಈಗಲೇ ಹೋಟೆಲ್ ಬುಕ್ ಮಾಡಲಾ?

ತುಂಗಾತೀರ:

ಓದು: ನಮ್ಮ ಹಾಗೆ ಮೂರು ಇಂಟರ್ನಲ್ಸ್, ಕೊನೆಗೆ ಒಂದು ದೊಡ್ಡ ಪರೀಕ್ಷೆ ಅಂತಿಲ್ಲ. ವಾರ ವಾರ ಏನಾದರೂ ಒಪ್ಪಿಸಬೇಕು. ಹೋಂವರ್ಕ್, ಕ್ವಿಜ್, ಗುಂಪಿನ ಪ್ರಾಜೆಕ್ಟ್, ಕ್ಲಾಸಿನಲ್ಲಿ ಮಾತಾಡಿದ್ದಕ್ಕೂ ಅಂಕ. ಹಿಂದಿನ ರಾತ್ರಿ ಓದಿ ಪಾಸಾಗುವ ನಮ್ಮ ವಿದ್ಯೆ ಅಲ್ಲಿ ನಡೆಯಲ್ಲ. ಮೊದಲ ದಿನವೇ ಸಿಲಬಸ್ ಅಂತ ನಾಲ್ಕು ಹಾಳೆ ಕೊಡುತ್ತಾರೆ. ಯಾವ ದಿನ ಯಾವ ಪರೀಕ್ಷೆ, ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ, ಎಲ್ಲ ಅದರಲ್ಲೇ. ಅದನ್ನು ಗೋಡೆಗೆ ಅಂಟಿಸಿಕೋ.

ಪ್ರೊಫೆಸರನ್ನು ಹೆಸರು ಹಿಡಿದು ಕರೆಯುತ್ತಾರೆ. ನನ್ನ ಬಾಯಿಂದ ಬರಲೇ ಇಲ್ಲ. ನಾಲ್ಕು ತಿಂಗಳೂ 'ಪ್ರೊಫೆಸರ್' ಅಂತಲೇ ದಾಟಿಸಿದೆ. 'ಆಫೀಸ್ ಅವರ್ಸ್' ಅಂದರೆ ಅವರು ಕೋಣೆಯಲ್ಲಿ ಕೆಲಸ ಮಾಡುವ ಹೊತ್ತು, ತೊಂದರೆ ಕೊಡಬಾರದು ಅಂದುಕೊಂಡು ಒಂದು ತಿಂಗಳು ಹೋಗಲೇ ಇಲ್ಲ! ಅದು ನಾವು ಹೋಗಿ ಡೌಟ್ ಕೇಳಲಿ ಅಂತಲೇ ಇಟ್ಟ ಹೊತ್ತು. ಮೊದಲ ಕ್ವಿಜ್‌ನಲ್ಲಿ ಹತ್ತಕ್ಕೆ ನಾಲ್ಕು ಬಂದ ಮೇಲೆ ಗೊತ್ತಾಯ್ತು.

ಇನ್ನು ಚೆರ್ರಿ. ಬುಕ್ ಮಾಡಬೇಡ. ಈ ಒಂದು ಮಾತಿಗಾಗಿಯೇ ಇಷ್ಟೆಲ್ಲ ಬರೆದೆ ಅಂದುಕೋ.

ನಮ್ಮ ಗುಂಪಿನ ನಾಲ್ವರು ಜನವರಿಯಲ್ಲೇ ಮಾರ್ಚ್ ಕೊನೆಯ ಶನಿವಾರಕ್ಕೆ ಕೋಣೆ ಹಿಡಿದರು. ಹೂವು ಪೂರ್ತಿ ಅರಳುವುದು ಮಾರ್ಚ್ 23ರಿಂದ 26ರ ನಡುವೆ ಅಂತ ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವೀಸ್‌ನವರೂ ಅಂದಾಜು ಹೇಳಿದ್ದರು. ನನ್ನ ಹತ್ತಿರ ದುಡ್ಡಿರಲಿಲ್ಲ. ಮಾರ್ಚ್ ಎರಡನೇ ವಾರ ಸ್ಪ್ರಿಂಗ್ ಬ್ರೇಕ್ ರಜೆ, ರಜೆ ಮುಗಿಯುವ ಹೊತ್ತಿಗೆ ಅಗ್ಗದ ಬಸ್ ಸಿಕ್ಕಿತು ಅಂತ ಹೊರಟೆ. ಮ್ಯೂಸಿಯಂ ಆದರೂ ನೋಡೋಣ, ಸ್ಮಿತ್‌ಸೋನಿಯನ್ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲವಲ್ಲ ಅಂತ. 16ರ ಶನಿವಾರ ಟೈಡಲ್ ಬೇಸಿನ್ ಕೊಳದ ಹತ್ತಿರ ಹೋದರೆ ಮರಕ್ಕೆ ಮರವೇ ಬಿಳಿ. ಮಾರನೇ ದಿನ, ಮಾರ್ಚ್ 17ಕ್ಕೆ, 'ಪೂರ್ತಿ ಅರಳಿದೆ' ಅಂತ ಘೋಷಿಸಿದರು. ಅಂದಾಜಿಗಿಂತ ಆರು ದಿನ ಮೊದಲೇ. ಹೆಗ್ಗಣವೇ ಗೆದ್ದಿತು. ಗೆಳತಿಯರು ಹೋದಾಗ ಮರದಲ್ಲಿ ಎಲೆ, ನೀರಿನಲ್ಲಿ ಎಸಳು.

ಪೂರ್ತಿ ಅಂದರೆ ಯೊಶಿನೊ ಜಾತಿಯ ಮರಗಳಲ್ಲಿ ನೂರಕ್ಕೆ 70 ಹೂವು ಬಿರಿದಿರಬೇಕು ಅಂತ ಅವರ ಲೆಕ್ಕ. ಹತ್ತಿರದಿಂದ ನೋಡಿದರೆ ಹೂವು ಗುಲಾಬಿ ಬಣ್ಣವೇ ಅಲ್ಲ. ಬಿಳಿ, ಎಸಳಿನ ಬುಡದಲ್ಲಿ ಮಾತ್ರ ಸ್ವಲ್ಪ ಕೆಂಪು, ಎಳೆ ಮಗುವಿನ ಕಿವಿಯ ಹಾಗೆ. ಹೂವಿನ ಜೊತೆ ಎಲೆ ಇಲ್ಲ, ನಮ್ಮ ಮುತ್ತುಗದ ಹಾಗೆ ಬರೀ ಕೊಂಬೆಯ ಮೇಲೆ. ವಾಸನೆ ಇಲ್ಲವೇ ಇಲ್ಲ ಅನ್ನಬೇಕು. ಮಲ್ಲಿಗೆಯ ನಾಡಿನವರಿಗೆ ಇದೊಂದು ಕೊರತೆ.

ಅಲ್ಲಿನ ಬೋರ್ಡಿನಲ್ಲಿ ಓದಿದ್ದು ಇನ್ನೊಂದು. 1910ರಲ್ಲಿ ಜಪಾನಿನಿಂದ ಮೊದಲು ಎರಡು ಸಾವಿರ ಗಿಡ ಬಂದವು. ಹುಳ ಹಿಡಿದಿತ್ತು ಅಂತ ಅಷ್ಟನ್ನೂ ಸುಟ್ಟುಹಾಕಿದರು. ಉಡುಗೊರೆ ಕೊಟ್ಟವರಿಗೆ ಹೇಗನ್ನಿಸಿರಬೇಡ! ಆದರೂ ಟೋಕಿಯೋದವರು 1912ರಲ್ಲಿ ಮತ್ತೆ 3,020 ಗಿಡ ಕಳಿಸಿದರು. ಇವತ್ತಿನ ಜಾತ್ರೆ ಆ ಎರಡನೇ ಸಲದ್ದು.

ಕುಡ್ಲದ ಮಾಂಜಿ:

ಬೆಂಗಳೂರಿನಲ್ಲಿ ಟಬೂಬಿಯಾ ಅರಳಿದಾಗ 'ನಮ್ಮ ಚೆರ್ರಿ ಬ್ಲಾಸಮ್' ಅಂತ ರೀಲ್ಸ್ ಮಾಡುವವರು ಇದನ್ನು ಓದಬೇಕು. ಅದಿರಲಿ ಮಾರಾಯ್ರೆ, ಊಟದ ವಿಷಯ ಯಾಕೆ ಬರೆದಿಲ್ಲ? ಪಿಟ್ಸ್‌ಬರ್ಗಿನಲ್ಲಿ ಮೀನು ಸಿಗುತ್ತದಾ?

ತುಂಗಾತೀರ:

ಸಿಗುತ್ತದಾ ಅಂತ ಕೇಳುತ್ತೀರಾ? ಫೆಬ್ರವರಿ ಮಧ್ಯದಿಂದ ಈಸ್ಟರ್ ತನಕ, ಕ್ರೈಸ್ತರ ಲೆಂಟ್ ವ್ರತದ ಶುಕ್ರವಾರಗಳಲ್ಲಿ ಇಡೀ ಊರೇ ಮೀನು ಕರಿಯುತ್ತೆ. 'ಫಿಶ್ ಫ್ರೈ' ಅಂತಲೇ ಹೆಸರು. ಚರ್ಚಿನ ನೆಲಮಾಳಿಗೆ, ಅಗ್ನಿಶಾಮಕ ದಳದ ಹಾಲ್, ಎಲ್ಲೆಲ್ಲೂ ಮಡಚುವ ಮೇಜು, ಪೇಪರ್ ತಟ್ಟೆ. ಅಜ್ಜಿಯರೇ ನಿಂತು ಬಡಿಸುತ್ತಾರೆ. ಬ್ರೆಡ್ಡಿನ ಎರಡೂ ಕಡೆ ಅಂಗೈಯಷ್ಟು ಹೊರಗೆ ಬಂದಿರುವ ಮೀನಿನ ತುಂಡು. ಎಲ್ಲೆಲ್ಲಿ ಫಿಶ್ ಫ್ರೈ ಇದೆ ಅಂತ ತೋರಿಸುವ ಮ್ಯಾಪೇ ಇದೆ.

ನಾನು ಸಸ್ಯಾಹಾರಿ. ಆದರೂ ಬಿಡದೆ ಹೋಗುತ್ತಿದ್ದೆ, ಯಾಕೆಂದರೆ ಅಲ್ಲಿ ಪಿರೋಗಿ ಸಿಗುತ್ತೆ. ಪೋಲೆಂಡಿನಿಂದ, ಪೂರ್ವ ಯುರೋಪಿನಿಂದ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಬಂದವರ ಜೊತೆ ಬಂದ ತಿಂಡಿ. ನೋಡೋಕೆ ಥೇಟ್ ನಮ್ಮ ಕರಿಗಡುಬು, ಒಳಗೆ ಆಲೂಗಡ್ಡೆ, ಚೀಸ್. ಬೇಯಿಸಿ, ಬೆಣ್ಣೆ ಈರುಳ್ಳಿಯಲ್ಲಿ ಹೊರಳಿಸಿ ಕೊಡುತ್ತಾರೆ. ಖಾರ ಸೊನ್ನೆ. ನಾನು ಚೀಲದಲ್ಲಿ ಚಟ್ನಿಪುಡಿ ಡಬ್ಬಿ ಇಟ್ಟುಕೊಂಡು ಹೋಗುತ್ತಿದ್ದೆ. ಮೂರನೇ ಶುಕ್ರವಾರ ಬಡಿಸುವ ಅಜ್ಜಿಯೊಬ್ಬರು 'ಅದೇನು' ಅಂತ ಕೇಳಿ ಚಿಟಿಕೆ ಹಾಕಿಸಿಕೊಂಡರು. ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ಮತ್ತೆ ಕೈ ಚಾಚಿದರು.

ಮೀನಿನ ವಾಸನೆ ಬೇಕಾದರೆ ಇನ್ನೊಂದು ದಾರಿಯೂ ಇದೆ. ರಸ್ತೆ ಬದಿಯ ಕ್ಯಾಲರಿ ಪೇರ್ ಅನ್ನುವ ಮರ ವಸಂತಕ್ಕೆ ಮೈತುಂಬ ಬಿಳಿ ಹೂವು ಬಿಡುತ್ತೆ. ದೂರದಿಂದ ಸ್ವರ್ಗ. ಹತ್ತಿರ ಹೋದರೆ ಕೊಳೆತ ಮೀನು! ಹೊರಗಿನಿಂದ ಬಂದ ಈ ಮರ ಕಾಡಿಗೆಲ್ಲ ಹರಡುತ್ತಿದೆ ಅಂತ ಆ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ.

ಕುಡ್ಲದ ಮಾಂಜಿ:

ಕೊಳೆತ ಮೀನಿನ ವಾಸನೆಗೆ ನಿಷೇಧವಾ? ನಮ್ಮ ಮೀನು ಬಂದರಿನ ಧಕ್ಕೆಯ ಗತಿ ಏನು ಹಾಗಾದರೆ!

ಸುಮ್ನೆ ಕೇಳ್ದೆ:

ತಪ್ಪು ತಿಳಿಯಬೇಡಿ. ಸ್ಪ್ರಿಂಗ್ ಬ್ರೇಕು, ಹೂವು, ಪಿರೋಗಿ. ಓದೋಕೆ ಹೋಗಿದ್ದೋ ಸುತ್ತೋಕೆ ಹೋಗಿದ್ದೋ? ಅಪ್ಪನ ದುಡ್ಡಿದ್ದವರ ಆಟ ಇದು. ಬಡವರ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ತುಂಗಾತೀರ:

ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಲೆಕ್ಕ ಇಡುತ್ತೇನೆ.

ಎಕ್ಸ್‌ಚೇಂಜ್ ಅಂದರೆ ಫೀಸು ನಮ್ಮ ಕಾಲೇಜಿಗೇ ಕಟ್ಟುವುದು. ಅಲ್ಲಿನ ಟ್ಯೂಷನ್ ಫೀ ಇಲ್ಲ. ಎರಡು ಕಾಲೇಜುಗಳ ನಡುವಿನ ಒಪ್ಪಂದ ಹಾಗಿದ್ದರೆ ಮಾತ್ರ, ಇದನ್ನು ಮೊದಲೇ ಕೇಳಿಕೊಳ್ಳಬೇಕು. ಆಗ ಎಕ್ಸ್‌ಚೇಂಜಿನವರಿಗೆ ಕೊಡುವ ಜೆ-1 ವೀಸಾದ ಅರ್ಜಿಗೆ 185 ಡಾಲರ್, ಸೆವಿಸ್ ಅನ್ನುವ ಇನ್ನೊಂದು ಫೀ 220 ಡಾಲರ್. ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ. ಅದಿಲ್ಲದೆ ಜೆ-1 ನಿಲ್ಲುವುದೇ ಇಲ್ಲ. ವಿಮಾನ, ಬಾಡಿಗೆ, ಊಟ ನಮ್ಮದು. ನಾನು ಮೂವರ ಜೊತೆ ಒಂದು ಹಳೇ ಮನೆಯಲ್ಲಿದ್ದೆ, ನನ್ನ ಪಾಲು ತಿಂಗಳಿಗೆ 550 ಡಾಲರ್. ಕಾಲೇಜಿನ ಸಣ್ಣ ಸ್ಕಾಲರ್‌ಶಿಪ್, ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ. ಅದು ಇನ್ನೂ ತೀರಿಲ್ಲ. ಪರವಾನಗಿ ತಗೊಂಡು ಕ್ಯಾಂಪಸ್ಸಿನಲ್ಲೇ ವಾರಕ್ಕೆ 20 ಗಂಟೆ ತನಕ ಕೆಲಸ ಮಾಡಬಹುದು. ನಾನು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದೆ. ಸುತ್ತಿದ ದುಡ್ಡು ಅಲ್ಲಿಂದ ಬಂದದ್ದು.

ಆಸೆ ಹುಟ್ಟಿಸಬಾರದು ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ.

ಎರಿ ದಂಡೆ ಭಟ್ರು:

ನಾನು ಕ್ಲೀವ್‌ಲ್ಯಾಂಡಿನಲ್ಲಿ 22 ವರ್ಷದಿಂದ ಇದ್ದೇನೆ. ಹೋಗುವ ಮಕ್ಕಳಿಗೆ ಎರಡು ಮಾತು. ಓದು ಮುಗಿದ ಮೇಲೆ ಜೆ-1ನವರಿಗೆ 30 ದಿನ ಮಾತ್ರ ಉಳಿಯಲು ಅವಕಾಶ. ಡಿಗ್ರಿ ಓದಲು ಬರುವ ಎಫ್-1 ವೀಸಾದವರ 60 ದಿನದ ಲೆಕ್ಕ ಕೇಳಿ ಟಿಕೆಟ್ ಹಾಕಬೇಡಿ. ಆ 30 ದಿನದಲ್ಲಿ ದೇಶದೊಳಗೆ ಓಡಾಡಬಹುದು, ಆದರೆ ಹೊರಗೆ ಕಾಲಿಟ್ಟರೆ ಅದೇ ವೀಸಾದ ಮೇಲೆ ವಾಪಸ್ ಬರುವ ಹಾಗಿಲ್ಲ. ನಯಾಗರಾದ ಕೆನಡಾ ಕಡೆಯಿಂದ ಚೆಂದ ಕಾಣುತ್ತೆ ಅಂತ ಸೇತುವೆ ದಾಟಲು ಹೊರಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಸೆಮಿಸ್ಟರ್ ನಡುವೆ ಹೋಗುವುದಾದರೂ ಕೆನಡಾ ವೀಸಾ ಬೇಕು, ಜೆ-1ನವರಿಗೆ ಕೊಡುವ ಡಿಎಸ್-2019 ಅನ್ನುವ ಕಾಗದದ ಮೇಲೆ ಪ್ರಯಾಣದ ಸಹಿ ಬೇಕು.

ಅಂದಹಾಗೆ ತಂಗಿ, 2024ರ ಏಪ್ರಿಲ್‌ನಲ್ಲಿ ಅಲ್ಲಿದ್ದೆ ಅಂತೀಯ, ಗ್ರಹಣದ ಸುದ್ದಿಯೇ ಇಲ್ಲವಲ್ಲ? ನಮ್ಮ ಮನೆಯ ಹಿತ್ತಲಿನಿಂದಲೇ ಕಂಡಿತು.

ತುಂಗಾತೀರ:

ಅಣ್ಣಾ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ! ಅದಕ್ಕೆ ಮೊದಲು ಇನ್ನೊಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಹೇಳಲು ಮನಸ್ಸಾಗಲ್ಲ.

ಮಾರ್ಚ್ 26, ಮಂಗಳವಾರ. ಎದ್ದು ಫೋನ್ ನೋಡಿದರೆ ಬಾಲ್ಟಿಮೋರಿನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಬಿದ್ದಿದೆ. ರಾತ್ರಿ ಒಂದೂವರೆ ಹೊತ್ತಿಗೆ ಡಾಲಿ ಅನ್ನುವ ಸರಕು ಹಡಗು ಕರೆಂಟ್ ಹೋಗಿ, ಹಿಡಿತ ತಪ್ಪಿ, ಕಂಬಕ್ಕೆ ಗುದ್ದಿತು. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಅಪಾಯ ಅಂತ ಅವರು ಕೊಟ್ಟ ಸಂದೇಶದಿಂದ ಪೊಲೀಸರು ಎರಡೂ ಕಡೆ ವಾಹನ ತಡೆದರು. ಆದರೆ ಮೇಲೆ ಕೆಲಸ ಮಾಡುತ್ತಿದ್ದವರನ್ನು ಇಳಿಸುವಷ್ಟು ಹೊತ್ತು ಸಿಗಲಿಲ್ಲ. ಆರು ಜನ ಹೋದರು. ಎಲ್ಲರೂ ಮೆಕ್ಸಿಕೋ, ಗ್ವಾಟೆಮಾಲಾದಂಥ ದೇಶಗಳಿಂದ ದುಡಿಯಲು ಬಂದವರು.

ಅವರು ಮಾಡುತ್ತಿದ್ದ ಕೆಲಸ ರಸ್ತೆ ಗುಂಡಿ ಮುಚ್ಚುವುದು. ಅಲ್ಲಿ ಹಿಮ ಕರಗಿದ ನೀರು ಬಿರುಕಿಗಿಳಿದು, ರಾತ್ರಿ ಗಟ್ಟಿಯಾಗಿ ಉಬ್ಬಿ, ಹಗಲು ಮತ್ತೆ ಕರಗಿ, ಮಾರ್ಚ್ ಹೊತ್ತಿಗೆ ರಸ್ತೆ ಕಿತ್ತು ಬಂದಿರುತ್ತೆ. ವಸಂತ ಅಂದರೆ ಗುಂಡಿ ಮುಚ್ಚುವ ಕಾಲ ಕೂಡ.

ಆ ದಿನ ಪ್ರೊಫೆಸರ್ ಬಂದು ಏನೂ ಮಾತಾಡದೆ ಬೋರ್ಡಿನ ಮೇಲೆ ಒಂದು ಉದ್ದದ ಟ್ರಸ್, ಅಂದರೆ ತ್ರಿಕೋನ ತ್ರಿಕೋನವಾಗಿ ಹೆಣೆದ ಉಕ್ಕಿನ ಚೌಕಟ್ಟು, ಬರೆದರು. ಮೂರು ಕಮಾನು, ಒಂದೇ ಸರಪಳಿ. ಒಂದು ಆಧಾರವನ್ನು ಡಸ್ಟರಿನಿಂದ ಅಳಿಸಿದರು. 'ಈಗ ಬಲ ಎಲ್ಲಿಗೆ ಹೋಗಬೇಕು?' ಅಂದರು. ಯಾರೂ ಉತ್ತರ ಹೇಳಲಿಲ್ಲ. ಎಲ್ಲರಿಗೂ ಉತ್ತರ ಗೊತ್ತಿತ್ತು.

ಹುಬ್ಬಳ್ಳಿ ಕಾಕಾ:

ಓದಿ ಮನಸ್ಸಿಗೆ ಕಸಿವಿಸಿ ಆಯ್ತು, ತಂಗಿ. ನಾನು ಪಿಡಬ್ಲ್ಯುಡಿಯಲ್ಲಿ 30 ವರ್ಷ ದುಡಿದವನು. ಚರಂಡಿ ಕಸದ ಮಾತು ನೂರಕ್ಕೆ ನೂರು ಖರೆ.

ಗ್ರಹಣದ ಮಾತು ಬಂತು ನೋಡ್ರಿ. 1980ರ ಫೆಬ್ರವರಿ 16, ಶನಿವಾರ. ಪೂರ್ಣ ಸೂರ್ಯಗ್ರಹಣ ನಮ್ಮ ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದು ಹೋಗಿತ್ತು. ಜಗತ್ತಿನ ವಿಜ್ಞಾನಿಗಳು ದುರ್ಬೀನು ಹೊತ್ತುಕೊಂಡು ಇಲ್ಲಿಗೆ ಬಂದಿದ್ದರು. ನಾನಾಗ ಹತ್ತು ವರ್ಷದ ಹುಡುಗ. ನಮ್ಮವ್ವ ಮಧ್ಯಾಹ್ನವೇ ಬಾಗಿಲು, ಕಿಟಕಿ ಹಾಕಿ, ನೀರಿಗೆಲ್ಲ ದರ್ಭೆ ಹಾಕಿ, ನಮ್ಮನ್ನು ಕೋಣೆಯಲ್ಲಿ ಕೂಡಿಸಿದ್ದಳು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲ ಸಂದಿಯಿಂದ ಬೆಳಕಿನ ಗೆರೆ ಸಣ್ಣಗಾಗಿ, ಹೋಗಿ, ಮತ್ತೆ ಬಂದದ್ದು ಅಷ್ಟೇ ನಾನು ಕಂಡದ್ದು. ಹೊರಗೆ ಕೋಳಿ ಕೂಗಿತು. ಮನೆ ಮುಂದೆಯೇ ಬಂದದ್ದನ್ನು ನೋಡಲಿಲ್ಲ. ನೀನು ಏನು ಕಂಡೆ, ಬಿಡಿಸಿ ಬರಿ.

ತುಂಗಾತೀರ:

ಕಾಕಾ, ಆ ಬೆಳಕಿನ ಗೆರೆಯನ್ನು ನಾನು ಮರೆಯಲ್ಲ. ನಿಮಗೋಸ್ಕರ ಬಿಡಿಸಿಯೇ ಬರೆಯುತ್ತೇನೆ.

2024ರ ಏಪ್ರಿಲ್ 8, ಸೋಮವಾರ. ಪಿಟ್ಸ್‌ಬರ್ಗಿನಲ್ಲಿ ಸೂರ್ಯ ನೂರಕ್ಕೆ 97ರಷ್ಟು ಮುಚ್ಚುತ್ತಿತ್ತು. 97 ಸಾಕಲ್ಲ, ಕ್ಲಾಸ್ ಯಾಕೆ ತಪ್ಪಿಸಬೇಕು ಅಂದುಕೊಂಡಿದ್ದೆ. ಲ್ಯಾಬಿನ ಸೀನಿಯರ್ ಒಬ್ಬರು, '97 ಅಂದರೆ ಮದುವೆ ಮಂಟಪದ ಬಾಗಿಲ ತನಕ ಹೋಗಿ ವಾಪಸ್ ಬಂದ ಹಾಗೆ' ಅನ್ನುವ ಅರ್ಥದಲ್ಲಿ ಏನೋ ಹೇಳಿ, ಕಾರಿನಲ್ಲಿ ಜಾಗ ಕೊಟ್ಟರು. ಎರಡು ಗಂಟೆ ಉತ್ತರಕ್ಕೆ ಎರಿ ಊರು, ಎರಿ ಸರೋವರದ ದಂಡೆ. ಹಿಂದಿನ ವಾರವೆಲ್ಲ ಮಳೆಯೋ ಮಳೆ. ಪಿಟ್ಸ್‌ಬರ್ಗಿನಲ್ಲಿ ನದಿ ಉಕ್ಕಿ ಪಾಯಿಂಟ್ ಪಾರ್ಕಿನ ಮೆಟ್ಟಿಲು ಮುಳುಗಿದ್ದನ್ನು, ತುಂಗೆಯ ಮಂಟಪ ಮುಳುಗಿತಾ ಅಂತ ನೋಡಲು ಹೋಗುತ್ತೇವಲ್ಲ, ಹಾಗೇ ಜನ ನಿಂತು ನೋಡುತ್ತಿದ್ದರು. ಗ್ರಹಣದ ದಿನವೂ ಬೆಳಗ್ಗೆ ಮೋಡ.

ದಂಡೆಯಲ್ಲಿ ಜಾತ್ರೆಯಷ್ಟು ಜನ. ಮಡಚುವ ಕುರ್ಚಿ, ನಾಯಿ, ಮಕ್ಕಳು. ಎಲ್ಲರ ಕೈಯಲ್ಲಿ ರಟ್ಟಿನ ಕನ್ನಡಕ. ಮರಗಳಲ್ಲಿ ಇನ್ನೂ ಎಲೆ ಬಂದಿರಲಿಲ್ಲ, ಹಾಗಾಗಿ ಎಲೆ ಸಂದಿಯ ಅರ್ಧಚಂದ್ರದ ನೆರಳು ಸಿಗಲ್ಲ ಅಂತ ಪಕ್ಕದ ಹೆಂಗಸು ತೂತಿರುವ ಕ್ರ್ಯಾಕರ್ ಬಿಸ್ಕತ್ತು ಹಿಡಿದು ನೆಲದ ಮೇಲೆ ತೋರಿಸಿದರು. ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ. ಆಮೇಲೆ ಆ ಬಿಸ್ಕತ್ತನ್ನು ಮಗನಿಗೆ ತಿನ್ನಿಸಿದರು. ಗ್ರಹಣ ಹಿಡಿದಿರುವಾಗ! ನಮ್ಮಜ್ಜಿ ನೋಡಬೇಕಿತ್ತು.

ಮೂರು ಗಂಟೆ ಹೊತ್ತಿಗೆ ಮೋಡ ತೆಳ್ಳಗಾಯ್ತು. ಬೆಳಕು ಸಂಜೆಯ ಹಾಗೆ ಕೆಂಪಾಗಲಿಲ್ಲ. ವೋಲ್ಟೇಜ್ ಇಳಿದ ಬಲ್ಬಿನ ಹಾಗೆ ಬೂದಿ ಬಣ್ಣಕ್ಕೆ ಬಂತು. ಚಳಿ ಬಂದು ಜಾಕೆಟ್ ಜಿಪ್ ಎಳೆದುಕೊಂಡೆ. 3:16ಕ್ಕೆ ನೀರಿನ ಮೇಲಿಂದ ಕತ್ತಲು ಓಡಿ ಬಂತು. ಕನ್ನಡಕ ತೆಗೆದೆ. ಸೂರ್ಯ ಇದ್ದ ಕಡೆ ಒಂದು ಕಪ್ಪು ತೂತು, ಸುತ್ತ ಬಿಳಿ ರೇಷ್ಮೆ ಎಳೆ. ಕೆಳಗಿನ ಅಂಚಿನಲ್ಲಿ ಕೆಂಡದ ಕಿಡಿಯಂಥ ಒಂದು ಚುಕ್ಕೆ. ಪಕ್ಕದಲ್ಲಿ ಶುಕ್ರ. ಸುತ್ತಲೂ, ನಾಲ್ಕೂ ದಿಕ್ಕಿನಲ್ಲಿ, ಸೂರ್ಯ ಮುಳುಗಿದ ಬಣ್ಣ. ಕಿರುಚಾಡುತ್ತಿದ್ದ ಕೊಕ್ಕರೆಯಂಥ ಹಕ್ಕಿಗಳು ನೀರಿನ ಮೇಲೆ ಕೂತುಬಿಟ್ಟವು. ಮೂರು ನಿಮಿಷ 42 ಸೆಕೆಂಡು. ಫೋಟೋ ತೆಗೆಯಲಿಲ್ಲ. ತೆಗೆದದ್ದು ಒಂದೇ, ನನ್ನ ಚಪ್ಪಲಿಯದು, ಕೈ ತಪ್ಪಿ.

ಅಲ್ಲಿ ಅಮಾವಾಸ್ಯೆಯ ಮಧ್ಯಾಹ್ನ. ಅದೇ ಕ್ಷಣ ಶಿವಮೊಗ್ಗದಲ್ಲಿ ರಾತ್ರಿ 12:46, ಆಗಲೇ 9ನೇ ತಾರೀಕು, ಯುಗಾದಿ. ಅಮ್ಮನಿಗೆ ಫೋನ್ ಮಾಡಿದರೆ ಅಲಾರಂ ಇಟ್ಟುಕೊಂಡು ಎದ್ದು ಕೂತಿದ್ದರು. 'ಏನೂ ತಿಂದಿಲ್ಲ ತಾನೆ?' ಅನ್ನುವುದೇ ಮೊದಲ ಮಾತು. ಪಿರೋಗಿ ತಿಂದು ಅರ್ಧ ಗಂಟೆ ಆಗಿತ್ತು. 'ಇಲ್ಲಮ್ಮ' ಅಂದೆ.

ವಾಪಸ್ ಬರುವಾಗ ಹೆದ್ದಾರಿ ತುಂಬ ಕಾರು, ಎರಡು ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ಮಾರನೇ ದಿನ ಬೇವು ಎಲ್ಲಿಂದ ತರುವುದು? ಸ್ಟ್ರಿಪ್ ಡಿಸ್ಟ್ರಿಕ್ಟ್ ಅನ್ನುವ ಹಳೇ ಮಾರ್ಕೆಟ್ಟಿನಲ್ಲಿ ಇಟಲಿಯವರ ಅಂಗಡಿಯಲ್ಲಿ ಡ್ಯಾಂಡೆಲಿಯನ್ ಸೊಪ್ಪು ಮಾರುತ್ತಾರೆ. ಹಸಿಯಾಗಿ ಜಗಿದರೆ ಒಳ್ಳೇ ಕಹಿ. ಅದನ್ನೇ ಹೆಚ್ಚಿ ಬೆಲ್ಲ ಕಲಸಿ ರೂಂಮೇಟುಗಳಿಗೂ ಕೊಟ್ಟೆ. ಒಬ್ಬಳು ಉಗುಳಿದಳು, ಒಬ್ಬಳು ಇನ್ನೊಂದು ಚಮಚ ಕೇಳಿದಳು. ಶನಿವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಒಂದು ಕನ್ನಡದ ಕುಟುಂಬ ಕರೆದುಕೊಂಡು ಹೋಯಿತು. 1976ರ ದೇವಸ್ಥಾನ. ಆ ಎರಡು ಚೂಡಿದಾರ್‌ಗಳಲ್ಲಿ ಒಂದನ್ನು ಹಾಕಲೇಬೇಕು ಅಂತ ಹೊರತೆಗೆದೆ, ಮೇಲೆ ಸ್ವೆಟರ್ ಹಾಕಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ.

ಹುಬ್ಬಳ್ಳಿ ಕಾಕಾ:

ಮನೆಯವಳಿಗೆ ಪೂರ್ತಿ ಓದಿ ಹೇಳಿದೆ. 'ನಿಮ್ಮವ್ವ ಕೂಡಿಸಿದ್ದಕ್ಕೆ ಕಣ್ಣು ಉಳಿದಾವು' ಅಂದಳು. ಇರಲಿ ಬಿಡ್ರಿ.

ನೋಟ್ಸ್ ಕೊಡ್ರೋ:

ಅಕ್ಕಾ, ನ್ಯೂಯಾರ್ಕ್ ಬಗ್ಗೆ? ಮತ್ತೆ ಮನೆಗೆ ಫೋನ್ ಮಾಡುವ ಟೈಮು? ಮತ್ತೆ ಕುಕ್ಕರ್ ತಗೊಂಡು ಹೋಗಲಾ?

ತುಂಗಾತೀರ:

ನ್ಯೂಯಾರ್ಕ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಮೇ ತಿಂಗಳಲ್ಲಿ, ಭಟ್ರು ಹೇಳಿದ ಆ 30 ದಿನದಲ್ಲಿ ಹೋದೆ. ರಾತ್ರಿ ಬಸ್ಸಿಗಿಂತ ಹಗಲಿನ ರೈಲು ಹತ್ತು. ದಿನಕ್ಕೆ ಒಂದೇ ಇದೆ, ಒಂಬತ್ತು ಗಂಟೆಗೂ ಜಾಸ್ತಿ ಹಿಡಿಯುತ್ತೆ. ಆದರೆ ಆಲ್ಟೂನಾ ಹತ್ತಿರ 1854ರ ಹಾರ್ಸ್‌ಶೂ ಕರ್ವ್ ತಿರುವಿನಲ್ಲಿ ಕಿಟಕಿಯಿಂದ ನಮ್ಮದೇ ರೈಲಿನ ಇಂಜಿನ್ ಎದುರಿಗೆ ಹೋಗುವುದು ಕಾಣುತ್ತೆ, ಗುಡ್ಡವೆಲ್ಲ ಎಳೆ ಹಸಿರು. ರಾತ್ರಿ ಬಸ್ಸು ನಂಬಬೇಡ. ವಾಷಿಂಗ್ಟನ್ನಿನಿಂದ ಬರುವಾಗ ನಡುರಾತ್ರಿ ಕೆಟ್ಟು, ಒಂದು ಪೆಟ್ರೋಲ್ ಬಂಕಿನಲ್ಲಿ ಮೂರು ಗಂಟೆ ಕೂತಿದ್ದೇವೆ. ನ್ಯೂಯಾರ್ಕಿನಲ್ಲಿ 7 ನಂಬರ್ ಸಬ್‌ವೇ ಹತ್ತಿ ಕೊನೇ ಸ್ಟಾಪ್ ಫ್ಲಶಿಂಗ್‌ನಲ್ಲಿ ಇಳಿ. ಗಣೇಶನ ದೇವಸ್ಥಾನದ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿನ್ನು. ಸ್ಟೇಟನ್ ಐಲ್ಯಾಂಡ್ ದೋಣಿ ಬಿಟ್ಟಿ, ಸ್ವಾತಂತ್ರ್ಯ ದೇವಿ ಅಲ್ಲಿಂದಲೇ ಕಾಣುತ್ತಾಳೆ.

ಫೋನು: ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯತನಕ ನಮಗೂ ಅವರಿಗೂ ಹತ್ತೂವರೆ ಗಂಟೆ ವ್ಯತ್ಯಾಸ, ಆಮೇಲೆ ಒಂಬತ್ತೂವರೆ. ನಾನು ಎಂದಿನಂತೆ ರಾತ್ರಿ ಒಂಬತ್ತಕ್ಕೆ ಮಾಡಿದೆ, ಅಲ್ಲಿ ಏಳೂವರೆ ಬದಲು ಆರೂವರೆ. 'ಡಿಕಾಕ್ಷನ್ನೇ ಇಳಿದಿಲ್ಲ, ಈಗಲೇ ಏನೇ?' ಅಂತ ಬೈಸಿಕೊಂಡೆ. 'ಸೂರ್ಯನಿಗೂ ಸರ್ಕಾರದವರೇ ಟೈಮು ಹೇಳ್ತಾರಾ?' ಅಂತ ಅಜ್ಜಿ ಹಿಂದಿನಿಂದ.

ಕುಕ್ಕರ್ ಹೊತ್ತುಕೊಂಡು ಹೋಗಬೇಡ. ನಾನು ಬರುವಾಗ ನನ್ನ ಮೂರು ಲೀಟರ್ ಕುಕ್ಕರ್, ಹಿಮದ ಬೂಟು, ಚಳಿಯ ಕೋಟು ಮೂರನ್ನೂ ಆ ದೇವಸ್ಥಾನಕ್ಕೆ ಕರೆದುಕೊಂಡು ಹೋದವರ ಬೇಸ್‌ಮೆಂಟಿನಲ್ಲಿ ಇಟ್ಟು ಬಂದಿದ್ದೇನೆ. ಮುಂದೆ ಯಾರಾದರೂ ಬರುತ್ತಾರೆ ಅಂತ. ಗ್ಯಾಸ್ಕೆಟ್ ಹೋಗಿದೆ, ಅದೊಂದು ಇಲ್ಲಿಂದ ತಗೊಂಡು ಹೋಗು. ಬೂಟಿನ ಸೈಜು 6. ನಿನಗೆ ಆಗುತ್ತಾ?

ನೋಟ್ಸ್ ಕೊಡ್ರೋ:

ಅಕ್ಕಾ ನನ್ನದು 9. ನಾನು ಹುಡುಗ.

ತುಂಗಾತೀರ:

ಹಾಗಾದರೆ ಕುಕ್ಕರ್ ಮಾತ್ರ ತಗೋ.